ಪವರ್ ಹೋತು ಅಂದ್ರ ಏನು ಹೋತು?

ಗಿಟಾರ್ ನುಡಿಸುವವರ ಬಾಯಲ್ಲಿ "ಆಂಪ್‌ದು ಪವರ್ ಹೋಯ್ತು" ಎಂಬ ಮಾತಿಗೆ ಕನಿಷ್ಠ ನಾಲ್ಕು ಅರ್ಥಗಳಿವೆ. ಸ್ವಿಚ್ ಹಾಕಿದರೂ ದೀಪವೇ ಹೊತ್ತದಿರಬಹುದು. ದೀಪ ಹೊತ್ತಿ, ವಾಲ್ವ್‌ಗಳು ಕೆಂಪಗೆ ಕಾದು, ಸದ್ದು ಮಾತ್ರ ಬರದಿರಬಹುದು. ಸದ್ದು ಬಂದರೂ ಅರ್ಧಕ್ಕಿಳಿದು, ಗಂಟಲು ಕಟ್ಟಿದವರ ದನಿಯಂತೆ ಒಡೆಯಬಹುದು. ಇಲ್ಲವೇ ಹೊಸ ಫ್ಯೂಸ್ ಹಾಕಿದಾಗಲೆಲ್ಲ ಅರೆ ನಿಮಿಷ ಬದುಕಿ ಮತ್ತೆ ಸಾಯಬಹುದು. ಇವು ನಾಲ್ಕು ಬೇರೆ ಬೇರೆ ಕಾಯಿಲೆಗಳು. ಹೆಸರು ಮಾತ್ರ ಒಂದೇ.

ಡೊಂಬಿವಿಲಿಯಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತ, ವಾರದ ಕೊನೆಗೆ ಒಂದು ಬ್ಯಾಂಡಿನಲ್ಲಿ ನುಡಿಸುವ ಹುಬ್ಬಳ್ಳಿಯ ಯುವಕನೊಬ್ಬ ಒಂದು ಗುರುವಾರ ರಾತ್ರಿ ಊರಿಗೆ ಫೋನ್ ಮಾಡಿದ. ಅವನ ಸೋದರಮಾವ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಡಿಯೊ ರಿಪೇರಿ ಮಾಡಿ ಅಂಗಡಿ ಮುಚ್ಚಿದವರು. ಪ್ರ್ಯಾಕ್ಟೀಸ್ ನಡುವೆ ಆಂಪ್ ಇದ್ದಕ್ಕಿದ್ದಂತೆ ಸತ್ತಿತ್ತು, ಶನಿವಾರ ಕಾರ್ಯಕ್ರಮವಿತ್ತು.

"ಮಾಮಾ, ಆಂಪ್‌ದು ಪವರ್ ಹೋತು."

"ಪವರ್ ಹೋತು ಅಂದ್ರ ಏನು ಹೋತು? ಬೆಳಕು ಹೋತೋ, ಸದ್ದು ಹೋತೋ?"

ಮಾವನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿ ಕೆಲವೇ ದಿನವಾಗಿತ್ತು. ವಿಡಿಯೊ ಕಾಲ್‌ನಲ್ಲಿ ಅವರಿಗೆ ಕಾಣುವುದು ಮಸುಕು ಬಣ್ಣಗಳಷ್ಟೇ. ಹಾಗಾಗಿ ಅಲ್ಲಿ ಏನಿದೆ, ಏನಾಗುತ್ತಿದೆ ಎಂಬುದೆಲ್ಲ ಬರೀ ಮಾತಿನಲ್ಲಿ ಹುಬ್ಬಳ್ಳಿ ತಲುಪಬೇಕಿತ್ತು. ಮುಂದಿನ ನಾಲ್ಕು ದಿನ ನಡೆದದ್ದು ಅರ್ಧ ವಿದ್ಯುತ್ತಿನ ಕೆಲಸ, ಅರ್ಧ ಭಾಷೆಯ ಕೆಲಸ.

ಗಿಟಾರ್ ಆಂಪ್ ವಿಷಯದಲ್ಲಿ ರೇಡಿಯೊ ರಿಪೇರಿಯವರನ್ನು ಕೇಳುವುದು ವಿಚಿತ್ರವೇನಲ್ಲ. ಲಿಯೊ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯದ ಫುಲ್ಲರ್ಟನ್‌ನಲ್ಲಿ ತೆರೆದದ್ದು ರೇಡಿಯೊ ರಿಪೇರಿ ಅಂಗಡಿಯನ್ನೇ. ಗಿಟಾರೂ ಆಂಪೂ ಆಮೇಲೆ ಬಂದವು. ಲಂಡನ್ನಿನ ಡ್ರಮ್ಮರ್ ಜಿಮ್ ಮಾರ್ಷಲ್ 1960ರ ದಶಕದ ಮೊದಲಲ್ಲಿ ತನ್ನ ಅಂಗಡಿಯಲ್ಲಿ ಆಂಪ್ ಮಾಡಿಸಲು ಹೊರಟಾಗ ಎದುರಿಗಿಟ್ಟುಕೊಂಡದ್ದು ಫೆಂಡರ್‌ನ ಬಾಸ್‌ಮನ್ ಆಂಪನ್ನು. ಒಳಗಿನ ವಾಲ್ವ್‌ಗಳೆಲ್ಲ ರೇಡಿಯೊ ಕಾಲದವು. ಈ ಹುಡುಗನ 15 ವಾಟ್‌ನ ಆಂಪಿನಲ್ಲಿ ಮೂರು ಇಸಿಸಿ83, ಎರಡು ಇಎಲ್84 ವಾಲ್ವ್‌ಗಳಿದ್ದವು. ಇಎಲ್84 ಎಂಬ ಹೆಸರು ಕೇಳಿದ್ದೇ ಮಾವನ ದನಿ ಬದಲಾಯಿತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಅದರ ಮುದ್ರೆಯಿದ್ದ ಇಎಲ್84ಗಳನ್ನು ಎಷ್ಟು ರೇಡಿಯೊಗಳಿಗೆ ಹಾಕಿದ್ದೇನೆ ಎಂಬ ಲೆಕ್ಕ ಅವರಲ್ಲಿರಲಿಲ್ಲ.

ಈ ಹೆಸರುಗಳನ್ನು ಸಮಾಸ ಬಿಡಿಸಿದಂತೆ ಬಿಡಿಸಬಹುದು. ಯುರೋಪಿನ ಪದ್ಧತಿಯಲ್ಲಿ ಮೊದಲಿನ ‘ಇ’ ಎಂದರೆ ಒಳಗಿನ ಹೀಟರ್‌ಗೆ 6.3 ವೋಲ್ಟ್ ಬೇಕು. ‘ಎಲ್’ ಎಂದರೆ ಸ್ಪೀಕರನ್ನು ನಡೆಸಬಲ್ಲ ಪವರ್ ಪೆಂಟೋಡ್. ‘ಸಿ’ ಎಂದರೆ ಟ್ರಯೋಡ್, ಎರಡು ಸಲ ಬಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್. ಅಂಕಿಯ ಮೊದಲ 8 ಎಂದರೆ ಒಂಬತ್ತು ಕಾಲಿನ ಚಿಕ್ಕ ಬುಡ. ಅಮೆರಿಕದವರು ಇದೇ ವಸ್ತುವನ್ನು ಟ್ಯೂಬ್ ಎಂದರು, ಇಂಗ್ಲೆಂಡಿನವರು ವಾಲ್ವ್ ಎಂದರು. ರೇಡಿಯೊ ಜೊತೆ ಕನ್ನಡದ ಮನೆಗಳಿಗೆ ಬಂದದ್ದು ‘ವಾಲ್ವ್’. ಒಂದೇ ಕಡೆಗೆ ಹರಿಯಬಿಡುವ ಬಾಗಿಲು ಎಂಬ ಆ ಅರ್ಥ 1904ರಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಮಾಡಿದ ಮೊದಲ ಡಯೋಡಿಗೆ ಸರಿಯಾಗಿಯೇ ಒಪ್ಪುತ್ತದೆ.

ಆಂಪಿನೊಳಗೆ ಏನು ನಡೆಯುತ್ತದೆ ಎಂದು ಮಾವ ಹೇಳಿದ ರೀತಿ ಹೀಗಿತ್ತು. ಗೋಡೆಯ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಎರಡು ಪಾಲು ಮಾಡುತ್ತದೆ. ಒಂದು ಪಾಲು ಹೀಟರ್ ಕಾಯಿಸುವ 6.3 ವೋಲ್ಟ್. ಇನ್ನೊಂದು ಪಾಲು ಡಯೋಡ್, ಕೆಪಾಸಿಟರ್‌ಗಳನ್ನು ದಾಟಿ 300 ವೋಲ್ಟ್‌ಗೂ ಮೀರಿದ ಡಿಸಿ ಆಗುತ್ತದೆ. ಮೊದಲ ವಾಲ್ವ್‌ಗಳು ಗಿಟಾರಿನ ಸಣ್ಣ ಸಂಕೇತವನ್ನು ಹಿಗ್ಗಿಸುತ್ತವೆ. ಮೂರನೆಯದು ಅದನ್ನು ಎದುರುಬದುರು ಎರಡು ಪಾಲಾಗಿ ಒಡೆಯುತ್ತದೆ. ಎರಡು ಇಎಲ್84ಗಳು ಆ ಎರಡು ಪಾಲನ್ನು ಸರದಿಯಂತೆ ಹೊತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತವೆ. "ಒಂದ ಒಳ್ಳಾಗ ಇಬ್ಬರು ಹೆಣ್ಣಮಕ್ಕಳು ಒನಕಿ ಹಾಕ್ತಾರಲ್ಲ, ಹಂಗ. ಒಬ್ಬಾಕಿ ಎತ್ತಿದಾಗ ಇನ್ನೊಬ್ಬಾಕಿ ಹಾಕ್ತಾಳ. ಒಬ್ಬಾಕಿ ನಿಂತ್ಲು ಅಂದ್ರ ಕೆಲಸ ನಿಲ್ಲೂದಿಲ್ಲ, ತಾಳ ತಪ್ಪತೈತಿ." ಸದ್ದು ಅರ್ಧಕ್ಕಿಳಿದು ಒಡೆಯುವ ಕಾಯಿಲೆಗೆ ಇದಕ್ಕಿಂತ ಚೆನ್ನಾದ ವಿವರಣೆ ಸಿಗುವುದು ಕಷ್ಟ.

ಇವನ ಆಂಪಿನಲ್ಲಿ ದೀಪವೇ ಹೋಗಿತ್ತು. ಮೊದಲ ಪ್ರಶ್ನೆಗಳು ಎಲ್ಲರೂ ಹಾರಿಸಿಬಿಡುವಷ್ಟು ಸರಳ. ಅದೇ ಪ್ಲಗ್ಗಿಗೆ ಬೇರೆ ಏನಾದರೂ ಹಚ್ಚಿ ನೋಡಿದೆಯಾ? ಟೇಬಲ್ ಲ್ಯಾಂಪ್ ಹೊತ್ತಿತು. ಪವರ್ ಕೇಬಲ್ ಬೇರೆಯದು ಹಾಕಿದೆಯಾ? ಹಾಕಿದ, ದೀಪವಿಲ್ಲ. ಹಿಂದಿನ ಫ್ಯೂಸ್ ತೆಗೆದು ನೋಡು.

"ಹೋಗೇತಿ ಮಾಮಾ."

"ಹೆಂಗ ಹೋಗೇತಿ? ಗಾಜು ತಿಳಿ ಐತೋ, ಒಳಗ ಕರಿ ಆಗೇತೋ?"

"ಕರ್‍ರಗ ಆಗೇತಿ."

"ಹಂಗಾರ ಅದು ವಯಸ್ಸಾಗಿ ಸತ್ತದ್ದಲ್ಲ. ಯಾರೋ ಕೊಂದಾರ."

ಗಾಜು ತಿಳಿಯಾಗಿದ್ದು ಒಳಗಿನ ತಂತಿ ಮಾತ್ರ ಕಡಿದಿದ್ದರೆ ಫ್ಯೂಸ್ ದಣಿದು ಹೋಗಿರಬಹುದು, ಅಥವಾ ಸ್ವಲ್ಪವೇ ಹೆಚ್ಚು ಕರೆಂಟು ಬಹಳ ಹೊತ್ತು ಹರಿದಿರಬಹುದು. ಗಾಜಿನ ಒಳಮೈ ಕಪ್ಪಾಗಿದ್ದರೆ ತಂತಿ ಒಮ್ಮೆಲೇ ಆವಿಯಾಗಿದೆ, ಎಲ್ಲೋ ದೊಡ್ಡ ಶಾರ್ಟ್ ಇದೆ ಎಂದರ್ಥ. ಅದೇ ಬಗೆಯ ಹೊಸ ಫ್ಯೂಸನ್ನು ಒಂದೇ ಒಂದು ಸಲ ಹಾಕಿ ನೋಡಬಹುದು. ಆಗಲೂ ಹೋದರೆ, ಎಷ್ಟು ಹೊತ್ತಿಗೆ ಹೋಯಿತು ಎಂಬುದು ಮುಖ್ಯ. ಸ್ವಿಚ್ ಹಾಕಿದ ತಕ್ಷಣ ಹೋದರೆ ವಾಲ್ವ್‌ಗಳು ಇನ್ನೂ ತಣ್ಣಗಿರುವುದರಿಂದ ಸಾಮಾನ್ಯವಾಗಿ ತಪ್ಪು ಅವುಗಳದ್ದಲ್ಲ. ಡಯೋಡ್, ದೊಡ್ಡ ಕೆಪಾಸಿಟರ್, ಇಲ್ಲವೇ ಟ್ರಾನ್ಸ್‌ಫಾರ್ಮರ್ ಕಡೆ ನೋಡಬೇಕು. ಇಪ್ಪತ್ತು ಮೂವತ್ತು ಸೆಕೆಂಡ್ ತಡೆದು, ವಾಲ್ವ್ ಕಾದ ಮೇಲೆ ಹೋದರೆ ಪವರ್ ವಾಲ್ವ್‌ಗಳ ಮೇಲೆ ಅನುಮಾನ. ಇವನ ಎರಡನೆಯ ಫ್ಯೂಸ್ ಸುಮಾರು ಇಪ್ಪತ್ತೈದು ಸೆಕೆಂಡ್ ಬದುಕಿತ್ತು. ಕೊನೆಯ ಗಳಿಗೆಯಲ್ಲಿ ಸ್ಪೀಕರಿನಿಂದ ದಪ್ಪನೆಯ ಗುಂಯ್ ಸದ್ದು ಬಂದಿತ್ತು.

ಬ್ಯಾಂಡಿನ ಗೆಳೆಯನೊಬ್ಬ ದೊಡ್ಡ ಫ್ಯೂಸ್ ಹಾಕೋಣ, ಶನಿವಾರ ದಾಟಿದರೆ ಸಾಕು ಎಂದ. ನಮ್ಮಲ್ಲಿ ಇದು ಹಳೆಯ ವಿದ್ಯೆ. ಮನೆಯ ಫ್ಯೂಸ್ ಕಟ್ಟೆಗೆ ತಂತಿಯನ್ನು ಎರಡೆಳೆ ಮೂರೆಳೆ ಸುತ್ತಿದವರು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಟಿವಿ ನಡೆಸಿದವರು ಎಲ್ಲ ಊರಲ್ಲೂ ಇದ್ದಾರೆ. ಫ್ಯೂಸ್ ಸಾಯುವುದಕ್ಕೆಂದೇ ಇಟ್ಟ ವಸ್ತು. ಅದನ್ನು ಸಾಯದಂತೆ ಮಾಡಿದರೆ ಅದರ ಬದಲು ಟ್ರಾನ್ಸ್‌ಫಾರ್ಮರ್ ಸಾಯುತ್ತದೆ, ಆಂಪಿನಲ್ಲಿ ಅತಿ ದುಬಾರಿ ಭಾಗಗಳಲ್ಲಿ ಅದೊಂದು. ಅದಕ್ಕೂ ಮೀರಿದರೆ ಬೆಂಕಿ. ಫ್ಯೂಸಿನ ಮೇಲೆ ಬರೆದ ಅಕ್ಷರವನ್ನೂ ಓದಬೇಕು. ‘ಟಿ’ ಎಂದಿದ್ದರೆ ಅದು ಜರ್ಮನ್ ಭಾಷೆಯ ‘ಟ್ರೇಗೆ’, ನಿಧಾನದ್ದು. ಸ್ವಿಚ್ ಹಾಕಿದ ಕ್ಷಣದ ನೂಕನ್ನು ತಾಳಿಕೊಳ್ಳುತ್ತದೆ. ‘ಎಫ್’ ಎಂದಿದ್ದರೆ ‘ಫ್ಲಿಂಕ್’, ಚುರುಕಿನದ್ದು. ಟಿ ಇರಬೇಕಾದ ಕಡೆ ಎಫ್ ಹಾಕಿದರೆ ರೋಗವಿಲ್ಲದ ಆಂಪಿನಲ್ಲೂ ಫ್ಯೂಸ್ ಹೋಗಬಹುದು.

ಗುರುವಾರ ರಾತ್ರಿಯೇ ಅವನು ಸ್ಕ್ರೂ ಬಿಚ್ಚಲು ತಯಾರಾಗಿದ್ದ. ಮಾವ ಒಪ್ಪಲಿಲ್ಲ. "ಅವಸರದಾಗ ಅದನ್ನ ಬಿಚ್ಚಬ್ಯಾಡ. ಶನಿವಾರ ಬರತೈತಿ ಹೋಗತೈತಿ. ಯಾರ ಕಡೆನರ ಒಂದು ಟ್ರಾನ್ಸಿಸ್ಟರ್ ಆಂಪ್ ಇಸಕೊ. ಐತವಾರ ನೋಡೂಣು." ಅವನಿಗೆ ಬೇಸರವಾಯಿತು. ಆ ಆಂಪಿನ ದನಿಗಾಗಿಯೇ ಎರಡು ವರ್ಷ ಹಣ ಕೂಡಿಟ್ಟವನು. ಒತ್ತಿ ನುಡಿಸಿದಾಗ ವಾಲ್ವ್ ಒಡೆಯುವ ಬಗೆ, ಮೆಲ್ಲಗೆ ಮೀಟಿದಾಗ ತಿಳಿಯಾಗುವ ಬಗೆ ಎರವಲು ಆಂಪಿನಲ್ಲಿ ಸಿಗುವುದಿಲ್ಲ. ಆದರೂ ಶನಿವಾರ ಎರವಲು ಆಂಪಿನಲ್ಲೇ ನುಡಿಸಿದ. ಕೇಳಲು ಬಂದವರಲ್ಲಿ ಯಾರೂ ಅದರ ಬಗ್ಗೆ ಕೇಳಲಿಲ್ಲ. ಅದೂ ಅವನಿಗೆ ಸ್ವಲ್ಪ ಬೇಸರವೇ.

ಮಾವನ ಹಟಕ್ಕೆ ಕಾರಣವಿತ್ತು. ಪ್ಲಗ್ ಕಿತ್ತ ಮಾತ್ರಕ್ಕೆ ಈ ಯಂತ್ರ ಸತ್ತಿರುವುದಿಲ್ಲ. ಒಳಗಿನ ಕೆಪಾಸಿಟರ್‌ಗಳು 300 ವೋಲ್ಟನ್ನು ಹಿಡಿದುಕೊಂಡೇ ಇರಬಹುದು. ಒಂದು ಕೈಯಿಂದ ಇನ್ನೊಂದು ಕೈಗೆ ಅದು ಹರಿದರೆ ನಡುವೆ ಇರುವುದು ಎದೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳಂತೂ ಕೇಬಲ್ ಮೂಲಕ ಆಂಪಿನ ಲೋಹದ ಪೆಟ್ಟಿಗೆಗೇ ಸೇರಿರುತ್ತವೆ. ಆ ಪೆಟ್ಟಿಗೆ ಅರ್ಥ್ ಆಗಿದ್ದರೆ ತಂತಿಗಳು ನಿರಪಾಯಕರ, ಆಗಿಲ್ಲದಿದ್ದರೆ ನುಡಿಸುವವನ ಬೆರಳೇ ತಂತಿಯ ಮುಂದುವರಿಕೆ. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಮೈಕ್ ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ಯಾರ್ಡ್‌ಬರ್ಡ್ಸ್‌ನ ಹಾಡುಗಾರ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲಿ ಗಿಟಾರ್ ನುಡಿಸುತ್ತಿದ್ದಾಗ ವಿದ್ಯುದಾಘಾತಕ್ಕೆ ಬಲಿಯಾದರು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಇರುವುದು ಇದಕ್ಕಾಗಿಯೇ. ಎಷ್ಟೋ ಹಳೆಯ ಕಟ್ಟಡಗಳಲ್ಲಿ ಅದರ ತೂತು ಇರುತ್ತದೆ, ಹಿಂದೆ ತಂತಿ ಇರುವುದಿಲ್ಲ. ಆಂಪ್ ಮುಟ್ಟುವ ಮೊದಲು ಗೋಡೆಯ ಸಾಕೆಟ್ ಪರೀಕ್ಷೆ ಮಾಡಿಸಿದರು ಮಾವ. ಫೇಸ್‌ನಿಂದ ಅರ್ಥ್‌ಗೆ 230ರ ಸುತ್ತಮುತ್ತ ಬಂತು. ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ವೋಲ್ಟ್. ಸರಿಯಿತ್ತು.

ಭಾನುವಾರದ ತಯಾರಿಯಲ್ಲಿ ಮೊದಲನೆಯದು ಸೀರೀಸ್ ಬೋರ್ಡ್. ಒಂದು ಬಲ್ಬ್ ಹೋಲ್ಡರನ್ನು ಪ್ಲಗ್ಗಿನ ದಾರಿಯಲ್ಲಿ ಸರಣಿಯಾಗಿ ಸೇರಿಸಿದ ಹಲಗೆ, ನಮ್ಮ ದೇಶದ ರಿಪೇರಿ ಅಂಗಡಿಗಳಲ್ಲೆಲ್ಲ ಕಾಣುವಂಥದ್ದು. ಆಂಪಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಹೊತ್ತಿ ಕರೆಂಟನ್ನು ತಡೆಯುತ್ತದೆ, ಫ್ಯೂಸೂ ಉಳಿಯುತ್ತದೆ ವಾಲ್ವೂ ಉಳಿಯುತ್ತದೆ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ, ತಂತಿ ಕಾಯುವ ಹಳೆಯ ಹಳದಿ ಬಲ್ಬೇ ಬೇಕು. ಮೂರನೆಯ ಅಂಗಡಿಯಲ್ಲಿ 100 ವಾಟ್‌ನದೊಂದು ಸಿಕ್ಕಿತು.

ಎರಡನೆಯದು ಹೆಂಡತಿ. ಮಾವ ಫೋನಿನಲ್ಲಿ ಅವಳನ್ನೇ ಕರೆಸಿ ಹೇಳಿದರು: "ತಂಗೀ, ಮೇನ್ ಸ್ವಿಚ್ ಹತ್ರ ಕುರ್ಚಿ ಹಾಕ್ಕೊಂಡು ಕೂಡು. ಅಂವಗ ಏನರ ಆತು ಅಂದ್ರ ಅಂವನ್ನ ಮುಟ್ಟಬ್ಯಾಡ, ಮೊದಲ ಸ್ವಿಚ್ ಆಫ್ ಮಾಡು." ಆಕೆ ಓದುತ್ತಿದ್ದ ಪುಸ್ತಕ ಹಿಡಿದು ಬಾಗಿಲ ಬಳಿ ಕುಳಿತಳು, ಆದರೆ ಪುಟ ತಿರುಗಿಸಲಿಲ್ಲ.

ಮೂರನೆಯದು ಎಡಗೈ ಕಿಸೆಯಲ್ಲಿರಬೇಕೆಂಬ ನಿಯಮ. ಮೀಟರಿನ ಕಪ್ಪು ತಂತಿಯನ್ನು ಕ್ಲಿಪ್ಪಿನಿಂದ ಪೆಟ್ಟಿಗೆಗೆ ಕಚ್ಚಿಸಿ, ಕೆಂಪು ತುದಿಯನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಪ್ಲಗ್ ಕಿತ್ತ ಮೇಲೆ ದೊಡ್ಡ ಕೆಪಾಸಿಟರಿಗೆ 10 ಕಿಲೊ ಓಮ್‌ನ ದಪ್ಪ ರೆಸಿಸ್ಟರನ್ನು ಹಿಡಿಕೆಯಿರುವ ಕ್ಲಿಪ್ಪಿನಿಂದ ಸೇರಿಸಿ ಇಳಿಸಬೇಕು. ಇಳಿಯಿತೆಂದು ನಂಬದೆ ಮೀಟರಿನಲ್ಲಿ ಓದಬೇಕು. "ಎಷ್ಟೈತಿ?" "ಎರಡು ವೋಲ್ಟ್." "ಹಾಂ, ಈಗ ಮುಟ್ಟು."

ಸ್ಪೀಕರ್ ಮೊದಲು. 8 ಓಮ್‌ನ ಸ್ಪೀಕರ್ ಮೀಟರಿನಲ್ಲಿ 6ರಿಂದ 7 ತೋರಿಸಿದರೆ ಆರೋಗ್ಯವಾಗಿದೆ. 6.6 ತೋರಿಸಿತು. ಸ್ಪೀಕರ್ ತಂತಿ ಬಿಚ್ಚಿಕೊಂಡಿರುವಾಗ ವಾಲ್ವ್ ಆಂಪನ್ನು ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ ಒಳಗಿನ ಸುತ್ತುಗಳೇ ಸುಟ್ಟುಹೋಗಬಹುದು. ಅದು ಸರಿಯಿದ್ದದ್ದು ಮೊದಲ ಸಮಾಧಾನ.

ಆಮೇಲಿನದು ಭಾಷಾಶಾಸ್ತ್ರ ಓದಿದವರಿಗೆ ಪರಿಚಿತವಾದ ಕ್ರಮ. ‘ಕಲೆ’, ‘ಕಳೆ’ ಎಂಬೆರಡು ಪದಗಳಲ್ಲಿ ಉಳಿದದ್ದೆಲ್ಲ ಒಂದೇ ಆಗಿದ್ದು ಒಂದು ಧ್ವನಿ ಮಾತ್ರ ಬದಲಾದಾಗ ಅರ್ಥವೂ ಬದಲಾದರೆ, ಆ ಧ್ವನಿಗೆ ಈ ಭಾಷೆಯಲ್ಲಿ ಬೆಲೆಯಿದೆ ಎಂದು ತಿಳಿಯುತ್ತೇವೆ. ಒಂದೇ ಸಲ ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು. ಮಾವ ಆ ಶಾಸ್ತ್ರ ಓದಿದವರಲ್ಲ. "ಒಂದ ಸಲಕ್ಕ ಒಂದ ಕೈ ಮಾಡು, ಒಂದ ಬದಲ ಮಾಡು" ಎಂಬುದು ಅವರ ಸೂತ್ರ.

ಎರಡೂ ಇಎಲ್84 ತೆಗೆದು ಸೀರೀಸ್ ಬೋರ್ಡಿನಲ್ಲಿ ಸ್ವಿಚ್ ಹಾಕಿದ. ಬಲ್ಬ್ ಝಗ್ಗನೆ ಹೊತ್ತಿ ಮಂಕಾಯಿತು, ಮಂಕಾಗಿಯೇ ಉಳಿಯಿತು. ಟ್ರಾನ್ಸ್‌ಫಾರ್ಮರ್, ಡಯೋಡ್, ದೊಡ್ಡ ಕೆಪಾಸಿಟರ್ ಇವುಗಳಲ್ಲಿ ಶಾರ್ಟ್ ಇಲ್ಲ. ಎಡಗಡೆಯ ವಾಲ್ವನ್ನು ಅದರ ಜಾಗದಲ್ಲೇ ಹಾಕಿ ನೋಡಿದ. ಬೆಳಕು ಸ್ವಲ್ಪ ಏರಿತು, ಅಷ್ಟೇ. ಅದನ್ನು ತೆಗೆದು ಬಲಗಡೆಯ ವಾಲ್ವನ್ನು ಅದರ ಜಾಗದಲ್ಲಿ ಹಾಕಿದ. ಅರೆ ನಿಮಿಷದಲ್ಲಿ ಬಲ್ಬ್ ಪೂರ್ತಿ ಹೊತ್ತಿತು. ಕಳ್ಳ ಸಿಕ್ಕ ಎಂದು ಅವನು ಕೂಗಿದ. ಹೊಸ ಜೋಡಿ ತಂದು ಹಾಕಿದರೆ ಮುಗಿಯಿತು ಎಂದು ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ.

"ಇನ್ನೊಂದು ಮಾಡು. ಎಡಗಡೆ ಚೊಲೋ ವಾಲ್ವ್ ಐತಲ್ಲ, ಅದನ್ನ ಬಲಗಡೆ ಮನಿಯಾಗ ಹಾಕು."

ಹಾಕಿದ. ಎಡಗಡೆ ಸುಮ್ಮನಿದ್ದ ವಾಲ್ವ್ ಬಲಗಡೆ ಹೋದೊಡನೆ ಬಲ್ಬಿನ ಬೆಳಕು ನಿಧಾನವಾಗಿ ಏರತೊಡಗಿತು. ವಾಲ್ವ್ ಅದೇ, ಜಾಗ ಬೇರೆ.

"ಆಫ್ ಮಾಡು ಲಗೂನ! ಮನುಷ್ಯಾ ಕೆಟ್ಟಿಲ್ಲ, ಮನಿ ಕೆಟ್ಟೈತಿ."

ಬಲಗಡೆಯ ವಾಲ್ವ್ ಸತ್ತದ್ದು ನಿಜ, ಆದರೆ ಅದನ್ನು ಕೊಂದದ್ದು ಅದರ ಜಾಗ. ಇಎಲ್84ರ ಎರಡನೆಯ ಕಾಲು ಗ್ರಿಡ್, ಹರಿವನ್ನು ಹಿಡಿದಿಡುವ ಕಾವಲುಗಾರ. ಈ ಬಗೆಯ ಆಂಪಿನಲ್ಲಿ ಅಲ್ಲಿ ಡಿಸಿ ಸೊನ್ನೆ ಇರಬೇಕು. ಹಿಂದಿನ ವಾಲ್ವಿನ 200 ವೋಲ್ಟ್ ಅಲ್ಲಿಗೆ ಬರದಂತೆ, ಸಂಗೀತ ಮಾತ್ರ ದಾಟಿ ಬರುವಂತೆ ನಡುವೆ ಒಂದು ಚಿಕ್ಕ ಕೆಪಾಸಿಟರ್ ನಿಂತಿರುತ್ತದೆ. ಅದು ಸೋರಿದರೆ ಗ್ರಿಡ್ ಮೇಲೆ ಪಾಸಿಟಿವ್ ವೋಲ್ಟೇಜ್ ಬಂದು ಕಾವಲು ಸಡಿಲಾಗುತ್ತದೆ. ವಾಲ್ವ್ ಅಳತೆ ಮೀರಿ ಕರೆಂಟ್ ಎಳೆದು, ಒಳಗಿನ ಬೂದು ತಗಡು ಕೆಂಪಗೆ ಕಾದು, ಕೊನೆಗೆ ಶಾರ್ಟ್ ಆಗುತ್ತದೆ. ಇಎಲ್84ಗಳೆರಡನ್ನೂ ತೆಗೆದಿಟ್ಟು, ಎಡಗೈ ಕಿಸೆಯಲ್ಲಿಟ್ಟುಕೊಂಡು ಅಳೆದಾಗ ಎಡ ಸಾಕೆಟ್‌ನ ಎರಡನೆಯ ಕಾಲಿನಲ್ಲಿ ಸೊನ್ನೆ, ಬಲದ್ದರಲ್ಲಿ 9 ವೋಲ್ಟ್.

ಸೋಮವಾರ ಅವನು ಲೋಕಲ್ ಹಿಡಿದು ಲ್ಯಾಮಿಂಗ್ಟನ್ ರೋಡಿಗೆ ಹೋದ. ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದಿಲ್ಲಿಯವರಿಗೆ ಲಾಜಪತ್ ರಾಯ್ ಮಾರ್ಕೆಟ್, ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದಂತೆ ಮುಂಬಯಿಗೆ ಅದು. 0.022 ಮೈಕ್ರೊಫ್ಯಾರಡ್, 630 ವೋಲ್ಟ್‌ನ ಕೆಪಾಸಿಟರ್ ಕೊಂಡ. ಎಡಗಡೆಯದೂ ಅದೇ ವಯಸ್ಸಿನದು ಎಂದು ಎರಡು ತಂದ. ಒಂದರ ಬೆಲೆ ಒಂದು ವಡಾಪಾವ್‌ನಷ್ಟು. ಅತಿ ಕರೆಂಟಿನಲ್ಲಿ ಸುಟ್ಟು ಕಪ್ಪಾಗಿದ್ದ ಕ್ಯಾಥೋಡ್ ರೆಸಿಸ್ಟರ್, ಅದರ ಪಕ್ಕದ ಕೆಪಾಸಿಟರ್ ಕೂಡ ಹೊಸವು ಬೇಕಾದವು. ಇಎಲ್84 ಜೋಡಿಗೆ ಮಾತ್ರ ನಿಜವಾದ ಹಣ ಕೊಡಬೇಕಾಯಿತು. ಈಗ ಅವು ಬರುವುದು ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ. ಜಾಲಹಳ್ಳಿಯ ಮುದ್ರೆಯಿರುವ ಹಳೆಯ ದಾಸ್ತಾನು ಎಲ್ಲಾದರೂ ಸಿಕ್ಕರೆ ಸಂಗ್ರಹಕಾರರ ಪಾಲು.

ರಾತ್ರಿ ಬೆಸುಗೆ ಹಾಕಿ ಮತ್ತೆ ಅಳೆದ. ಎಡ ಸೊನ್ನೆ, ಬಲ ಸೊನ್ನೆ. ವಾಲ್ವ್ ಹಾಕಿ ಸೀರೀಸ್ ಬೋರ್ಡಿನಲ್ಲಿ ಹತ್ತು ನಿಮಿಷ, ಆಮೇಲೆ ನೇರ ಸಾಕೆಟ್ಟಿನಲ್ಲಿ. ಕೋಣೆಯ ದೀಪ ಆರಿಸಿ ನೋಡಲು ಮಾವ ಹೇಳಿದರು. ನಡುವಿನ ಹೀಟರಿನ ಕಿತ್ತಳೆ ಬೆಳಕು ಇರಬೇಕು, ಸುತ್ತಲಿನ ತಗಡಿನಲ್ಲಿ ಕೆಂಪು ಕಾಣಬಾರದು. ಕಾಣಲಿಲ್ಲ. ಫೋನನ್ನು ಸ್ಪೀಕರ್ ಹತ್ತಿರ ಹಿಡಿಸಿ ಅವರು ಹಮ್ ಕೇಳಿದರು. ಗಿಟಾರ್ ಕೇಳುತ್ತೇನೆ ಎನ್ನಲಿಲ್ಲ, ಒಂದು ತಾಸು ಹಾಗೇ ಬಿಟ್ಟು ಮತ್ತೆ ಫೋನ್ ಮಾಡು ಎಂದರು.

ಇದನ್ನು ಓದಿ ಯಾರೂ ಸ್ಕ್ರೂಡ್ರೈವರ್ ಹಿಡಿಯಬೇಕಿಲ್ಲ. ಪ್ಲಗ್, ಕೇಬಲ್, ಫ್ಯೂಸ್ ಎಷ್ಟು ಹೊತ್ತಿಗೆ ಹೋಯಿತು ಎಂಬ ಲೆಕ್ಕ, ಫ್ಯೂಸಿನ ಗಾಜಿನ ಬಣ್ಣ, ಇಷ್ಟನ್ನು ಹೊರಗಿನಿಂದಲೇ ಯಾರೂ ನೋಡಿ ಹೇಳಬಹುದು. ಸುಟ್ಟ ವಾಸನೆ ಬಂದರೆ, ಟ್ರಾನ್ಸ್‌ಫಾರ್ಮರ್ ಮೈ ಸುಡುತ್ತಿದ್ದರೆ, ಫ್ಯೂಸ್ ತಕ್ಷಣ ಹೋಗುತ್ತಿದ್ದರೆ ಅದು ಬಲ್ಲವರ ಮೇಜಿಗೆ ಹೋಗಬೇಕು. ‘ಪವರ್ ಹೋಯ್ತು’ ಎಂದು ಹೇಳಿ ಇಟ್ಟು ಬರುವ ಬದಲು ಈ ನಾಲ್ಕು ವಿವರ ಹೇಳಿದರೆ ಅವರ ಅರ್ಧ ದಿನ ಉಳಿಯುತ್ತದೆ.

ಪೆಟ್ಟಿಗೆ ಮುಚ್ಚುವ ಮೊದಲು ಮಾವ ಒಂದು ಕೆಲಸ ಹೇಳಿದರು. ಅವರ ಅಂಗಡಿಯಲ್ಲಿ ರಿಪೇರಿಯಾದ ಪ್ರತಿ ರೇಡಿಯೊದ ಒಳಗೋಡೆಯ ಮೇಲೆ ತಾರೀಕು, ಬದಲಿಸಿದ ಭಾಗ, ಅಳತೆ ಬರೆಯುತ್ತಿದ್ದರಂತೆ, ಮುಂದೆ ಬಿಚ್ಚುವವನಿಗೆ ಅನುಕೂಲವಾಗಲಿ ಎಂದು. ಅವನು ಆಂಪಿನ ಒಳಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲೇ ಬರೆದ: ಬಲ ಗ್ರಿಡ್ 9 ವೋಲ್ಟ್ ಇತ್ತು, ಈಗ ಸೊನ್ನೆ, ಎರಡೂ ಕೆಪಾಸಿಟರ್ ಹೊಸವು. ಡೊಂಬಿವಿಲಿಯಲ್ಲಿ ಅದನ್ನು ಯಾರು ಓದುತ್ತಾರೆ ಎಂದು ಹೆಂಡತಿ ಕೇಳಿದಳು. ಅಂಕಿಗಳಾದರೂ ಓದಲು ಬರುತ್ತವಲ್ಲ ಎಂದ.